ಮೊದಲನೆಯ ಸಾಲು

ನಮ್ಮ ಆಸ್ಪತ್ರೆಯ ರೋಗಿಗಳ ದಾಖಲೆಯೆಲ್ಲ ಇರುವುದು ಪುಕ್ಕಟೆ ಸಿಗುವ ಓಪನ್ ಸೋರ್ಸ್ ಡೇಟಾಬೇಸಿನಲ್ಲಿ. ಅದು ಒಮ್ಮೆಯೂ ಕೈಕೊಡದಂತೆ ಹತ್ತೊಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವರು ಒಬ್ಬರೇ. ಎಲ್ಲರ ಬಾಯಲ್ಲೂ ಅವರು ಬ್ಯಾಕಪ್ ಮಾವ.

"ತೆರೆದು ನೋಡದ ಬ್ಯಾಕಪ್ಪು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಕಣಮ್ಮ" ಎಂದು ನನಗೆ ಬೈದೇ ಕೆಲಸ ಕಲಿಸಿದರು. ಪ್ರತಿ ಸೋಮವಾರ ಬೆಳಿಗ್ಗೆ ಸರ್ವರಿನ ನಕಲನ್ನು ಮೇಜಿನ ಕೆಳಗಿನ ಹಳೆಯ ಡೆಸ್ಕ್‌ಟಾಪಿಗೆ ಇಳಿಸಿ, ಮೊದಲನೆಯ ಸಾಲನ್ನು ತೆರೆದು ನೋಡಿದ ಮೇಲೆಯೇ ಅವರು ಚಹಾ ಮುಟ್ಟುತ್ತಿದ್ದುದು.

ಅವರ ನಿವೃತ್ತಿಗೆ ಒಂದು ವಾರವಿದ್ದಾಗ ನಾನು ಜಾಣತನ ತೋರಿಸಲು ಹೋದೆ. ಡೇಟಾಬೇಸಿನ ಪರೀಕ್ಷೆಗೆಂದು ಯಾರೋ ಹಿಂದೆಂದೋ ಬರೆದಿದ್ದ ಸುಳ್ಳು ದಾಖಲೆಗಳನ್ನೆಲ್ಲ ಅಳಿಸಿಬಿಟ್ಟೆ. ಮೊದಲನೆಯ ಸಾಲಿನಲ್ಲಿ 'ಪುಟ್ಟಿ, ವಯಸ್ಸು ಒಂದು ದಿನ, ಕಾಯಿಲೆ ಏನೂ ಇಲ್ಲ' ಎಂದಿತ್ತು.

ಸೋಮವಾರ ಮಾವ ಪರದೆಯನ್ನೇ ನೋಡುತ್ತ ಕುಳಿತರು. ಚಹಾ ಆರಿತು.

"ಕಸ ಎಲ್ಲ ತೆಗೆದೆ ಮಾವ" ಎಂದೆ, ಹೊಗಳಿಸಿಕೊಳ್ಳುವ ಆಸೆಯಿಂದ.

"ಮಗಳು ಹುಟ್ಟಿದ ದಿನವೇ ಈ ಡೇಟಾಬೇಸನ್ನ ಶುರು ಮಾಡಿದ್ದು. ಪರೀಕ್ಷೆಗೆ ಅಂತ ಅವಳನ್ನೇ ಬರೆದೆ" ಎಂದರು. "ಆರು ವರ್ಷ ಇದ್ದಳು."

ನಾನು ಕೀಲಿಮಣೆಯನ್ನು ನನ್ನತ್ತ ಎಳೆದುಕೊಂಡೆ. "ಹೋದ ವಾರದ ನಕಲಲ್ಲಿ ಇರ್ತಾಳೆ ಮಾವ! ಈಗಲೇ ವಾಪಸ್ ತರ್ತೀನಿ."

"ಬೇಡಮ್ಮ. ರೋಗಿ ಅಲ್ಲದವರನ್ನ ದಾಖಲೇಲಿ ಇಡಬಾರದು ಅಂತ ನಿಯಮ ಬರೆದವನೇ ನಾನು. ಇಷ್ಟು ವರ್ಷ ಮುರಿದವನೂ ನಾನೇ."

ಮತ್ತೆ ತಪಾಸಣೆಯ ಪುಸ್ತಕ ಎಳೆದುಕೊಂಡು, ಪ್ರತಿ ಸೋಮವಾರ ಬರೆಯುವುದನ್ನೇ ಬರೆದು ಸಹಿ ಹಾಕಿದರು: 'ನಕಲು ಸರಿಯಾಗಿದೆ. ಏನೂ ಕಳೆದುಹೋಗಿಲ್ಲ.'