ಹಳ್ಳದ ಈಚೆಯ ಹಸಿರು

ಅಥವಾ ಆ ನಕ್ಷೆ ಅಂದು ಮೇಜಿನ ಮೇಲೆ ಇರಲೇ ಇಲ್ಲವೇನೋ. ಇತ್ತು ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಕಿಟಕಿಯ ಪಕ್ಕದ ಉದ್ದ ಮೇಜು, ಅದರ ಮೇಲೆ ಬಿಡಿಸಿಟ್ಟ ನಕ್ಷೆ, ಮೂಲೆ ಸುರುಳಿಕೊಳ್ಳದಿರಲೆಂದು ಇಟ್ಟ ಸ್ಟೇಪ್ಲರ್, ಅದರ ಮೇಲೆ ಬಗ್ಗಿ ನಿಂತ ನನ್ನ ಸಹೋದ್ಯೋಗಿಯ ಅಣ್ಣ. ಆದರೆ ಸ್ಟೇಪ್ಲರಿನ ಬಣ್ಣವೂ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟವಾದ ನೆನಪೆಂದರೆ ನನಗೆ ಅನುಮಾನ. ನಕ್ಷೆ ಪ್ರಿಂಟಾಗಿ ಬಂದದ್ದು ಯುಗಾದಿಗೆ ಮೊದಲೋ ಆಮೇಲೋ, ಹೇಳಲಾರೆ. ಅಣ್ಣ ಬಂದದ್ದು ಮಾತ್ರ ಯುಗಾದಿಗೆ ಮೊದಲು. ಲೇಔಟ್ ಮಾಡುವವರಿಗೆ ಆತ ಹಬ್ಬದೊಳಗೆ ಉತ್ತರ ಹೇಳಬೇಕಿತ್ತು.

ಅನುಮಾನವಿಲ್ಲದ್ದನ್ನು ಮೊದಲು ಬರೆದುಬಿಡುತ್ತೇನೆ.

ನಮ್ಮ ಆಫೀಸು ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿತ್ತು. ಕೇಳಿದವರಿಗೆ ವರದಿ ಬರೆದುಕೊಡುವ ಸಣ್ಣ ಸಂಸ್ಥೆ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಎರಡೋ ಮೂರೋ ವರ್ಷ ಆಗಿತ್ತು. ನಾನು ಅಲ್ಲಾಳಸಂದ್ರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಹೆಬ್ಬಾಳದ ಮೇಲ್ಸೇತುವೆ ಹತ್ತುವಷ್ಟರಲ್ಲಿ ಬಟ್ಟೆಗೆಲ್ಲ ಕೆಮ್ಮಣ್ಣಿನ ಧೂಳು. ರಸ್ತೆಯ ಎರಡೂ ಕಡೆ ಹೊಲಗಳಿಗೆ ತಂತಿ ಬೇಲಿ ಬೀಳುತ್ತಿತ್ತು. ಯಾರು ಹಾಕುತ್ತಿದ್ದಾರೆ ಎಂದು ಬಸ್ಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ನಮಗೆ ಬಂದ ಪ್ರಶ್ನೆ ಇಷ್ಟೇ: ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕ ಇಳಿಸಿದರೆ ರಾಜ್ಯದ ಯಾವ ಪ್ರದೇಶಕ್ಕೆ ಏನಾಗುತ್ತದೆ? ಅದಕ್ಕೆ ಒಂದು ಮಾಡೆಲ್ ಕಟ್ಟಿದ್ದೆವು. ಮಾಡೆಲ್ ಎಂದರೆ ಒಂದಕ್ಕೊಂದು ಗಂಟು ಹಾಕಿದ ಲೆಕ್ಕಗಳು, ಬೇರೇನಿಲ್ಲ. ಸುಂಕ ಇಳಿಸಿ ಓಡಿಸಿದರೆ ನೂಲಿನ ಬೆಲೆ ಜಗ್ಗುತ್ತದೆ. ಅದು ರೇಷ್ಮೆಗೂಡಿನ ಬೆಲೆಯನ್ನು ಎಳೆದುಕೊಂಡು ಹೋಗುತ್ತದೆ, ಗೂಡು ಹಿಪ್ಪುನೇರಳೆ ತೋಟವನ್ನು, ತೋಟ ಕೂಲಿಯನ್ನು. ಇನ್ನೊಂದು ತುದಿಯಲ್ಲಿ, ನೂಲು ಅಗ್ಗವಾದ ಖುಷಿಗೆ ಮಗ್ಗಗಳು ಹೆಚ್ಚು ಆಡುತ್ತವೆ. ಕೊನೆಗೆ ಪ್ರತಿ ಪ್ರದೇಶಕ್ಕೂ ಒಂದು ಸಂಖ್ಯೆ ಬರುತ್ತದೆ. ಲಾಭವಾದರೆ ನಕ್ಷೆಯಲ್ಲಿ ಹಸಿರು, ನಷ್ಟವಾದರೆ ಕೆಂಪು.

ಪ್ರದೇಶ ಎಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆ. ಮಗ್ಗಗಳ ಅಂಕಿಅಂಶ ಅದಕ್ಕಿಂತ ಕೆಳಗೆ ಸಿಗುತ್ತಿರಲಿಲ್ಲ. ಹಾಗಾಗಿ ಮಗ್ಗಗಳ ಊರಾದ ದೊಡ್ಡಬಳ್ಳಾಪುರವೂ, ಗೂಡು ಬೆಳೆಯುವ, ದೇವನಹಳ್ಳಿಯಾಚೆಯ ವಿಜಯಪುರದ ಕಡೆಯ ಹಳ್ಳಿಗಳೂ ಒಂದೇ ಜಿಲ್ಲೆಯೆಂದು ಒಂದೇ ಪಾತ್ರೆಗೆ ಬಿದ್ದವು. ಮಗ್ಗದ ಲಾಭ ಗೂಡಿನ ನಷ್ಟವನ್ನು ನುಂಗಿತು. ಇಡೀ ಜಿಲ್ಲೆ ಹಸಿರಾಯಿತು. ಗಡಿಯಾಚೆ, ಶಿಡ್ಲಘಟ್ಟದ ಕಡೆ, ನುಂಗಲು ಅಷ್ಟು ಮಗ್ಗಗಳಿರಲಿಲ್ಲ. ಅದು ಕೆಂಪು. ಸುಂಕವನ್ನು ಇನ್ನಷ್ಟು ಇಳಿಸಿ ಓಡಿಸಿದಾಗಲೆಲ್ಲ ಆ ಕೆಂಪು ಇನ್ನಷ್ಟು ಕಪ್ಪಾಗುತ್ತಿತ್ತು. ಗಡಿಗೆ ಬಂದು ಮಾತ್ರ ಗೆರೆ ಎಳೆದಂತೆ ನಿಲ್ಲುತ್ತಿತ್ತು.

ನಮ್ಮ ಹಿರಿಯರಿಗೆ, ನಾವು ಸರ್ ಎನ್ನುತ್ತಿದ್ದವರಿಗೆ, ಮೊದಲು ಬೇಕಾದದ್ದು ಒಟ್ಟು ಮೊತ್ತ. "ಒಟ್ಟು ಪ್ಲಸ್ ತಾನೆ?" ಎನ್ನುತ್ತಿದ್ದರು. ಪ್ಲಸ್ ಎಂದು ಗೊತ್ತಾದ ಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಕೆಟ್ಟವರಲ್ಲ. ಒಟ್ಟು ಪ್ಲಸ್ ಬಂದ ಮೇಲೂ ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಕೂತರೆ ಅವರಿಗೆ ಅರ್ಥವಾಗುತ್ತಿರಲಿಲ್ಲ, ಅಷ್ಟೆ.

ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದವರು ಒಬ್ಬರೇ, ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಕೊಟ್ಟ ಮನೆ ವಿದ್ಯಾರಣ್ಯಪುರದಲ್ಲಿ, ತವರು ವಿಜಯಪುರದಾಚೆಯ ಹಳ್ಳಿ. ಊರ ಪಕ್ಕದ ಹಳ್ಳ ದಾಟಿದರೆ ಬೇರೆ ಜಿಲ್ಲೆ. ಅಲ್ಲಿ ಅವರಣ್ಣ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕುತ್ತಿದ್ದ. ಮನೆಯ ನಡುಮನೆಯಲ್ಲೇ ಸಾಕುತ್ತಿದ್ದುದರಿಂದ ಜಾಗ ಸಾಲದೆ ತೋಟದಲ್ಲಿ ಬೇರೆಯಾಗಿ ಒಂದು ಹುಳುಮನೆ ಕಟ್ಟಬೇಕೆಂದಿದ್ದ. ಅದೇ ಹೊತ್ತಿಗೆ ಲೇಔಟಿನವರು ಬಂದರು. ಕಟ್ಟಿದರೆ ತೋಟ ಉಳಿಯುತ್ತದೆ. ಅವರಿಗೆ ಹೂಂ ಎಂದರೆ ತೋಟ, ಬಾವಿ, ಮನೆ ಎಲ್ಲವೂ ಸೈಟು. ಸಹೋದ್ಯೋಗಿಗೆ ಆಮೇಲೆ ಹಬ್ಬಕ್ಕೆ ಹೋಗಿ ಬರಲು ತವರೂರು ಎಂಬುದಿರುವುದಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳಿದ್ದರೇ, ನಾನೇ ಊಹಿಸಿಕೊಂಡೆನೇ, ಗೊತ್ತಿಲ್ಲ.

ಅಣ್ಣ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದ. ಚಪ್ಪಲಿಯನ್ನು ಬಾಗಿಲಾಚೆಯೇ ಬಿಟ್ಟು, ಕೂರಿ ಎಂದರೂ ಕೂರದೆ ನಿಂತ.

"ಕಟ್ಟೋದಾ, ಇಲ್ಲಾ ಲೇಔಟ್‌ನೋರ್ಗೆ ಊಂ ಅನ್ನೋದಾ? ಅಷ್ಟ್ ಯೋಳವ್ವ, ಬಸ್ಸೈತೆ."

"ಅಣ್ಣ, ಇದು ಕಣಿ ಹೇಳೋ ಜಾಗ ಅಲ್ಲ."

"ಮತ್ತೆ? ಇಷ್ಟ್ ಜನ ಪ್ಯಾನ್ ಕೆಳಗೆ ಕುಂತ್ಕಂಡು ದಿನಾ ಮಾಡೋದೇನು?"

ಸರ್ ಒಳಗಿನಿಂದ ನಗುತ್ತ ಬಂದರು. "ನಿಮ್ ತಂಗೀನ ಸಾಮಾನ್ಯ ಅನ್ಕೋಬೇಡಿ ಯಜಮಾನ್ರೆ. ಇಲ್ ಕೂತು ಒಂದು ಬಟನ್ ಒತ್ತಿ ಇಡೀ ರಾಜ್ಯನೇ ಅಲ್ಲಾಡಿಸ್ತಾರೆ."

"ಊರಾಗಿದ್ದಾಗ ಒಂದ್ ಕೊಡ ನೀರು ಅಲ್ಲಾಡಿಸ್ತಿರ್ಲಿಲ್ಲ ಬುಡಿ ಸಾ."

ಎಲ್ಲರೂ ನಕ್ಕೆವು. ಸಹೋದ್ಯೋಗಿಯೂ ನಕ್ಕರು. ನಾನು ಕೆಳಗೆ ಬೇಕರಿಗೆ ಹೋಗಿ ಟೀ, ದಿಲ್‌ಪಸಂದ್ ತರುತ್ತೇನೆಂದು ಹೊರಟೆ. ಹೋಗದೆ ಅಲ್ಲೇ ಇದ್ದು ಎಲ್ಲವನ್ನೂ ಕೇಳಿಸಿಕೊಂಡಿದ್ದರೆ ಈ ಬರಹದ ಅರ್ಧ ಬೇಕಿರಲಿಲ್ಲ.

ವಾಪಸ್ ಬಂದಾಗ ಅಣ್ಣ ಮೇಜಿನ ಮೇಲೆ ಬಗ್ಗಿದ್ದ. ಬೆರಳು ನಕ್ಷೆಯ ಮೇಲೆ, ಅಥವಾ ನಕ್ಷೆ ಇದ್ದಿರಬೇಕಾದ ಜಾಗದ ಮೇಲೆ.

"ಅಳ್ಳದಿಂದ ಆಕಡೆ ಕೆಂಪು. ನಮ್ದು ಅಸ್ರು. ನೋಡವ್ವ, ಈಕಡೆ ಅಸ್ರು."

ಇಲ್ಲಿಂದ ನನ್ನ ಬಳಿ ಎರಡು ನೆನಪುಗಳಿವೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ಒಂದರಲ್ಲಿ ಸಹೋದ್ಯೋಗಿ, "ಅದು ಇಡೀ ಜಿಲ್ಲೆಗೆ ಸೇರಿಸಿ ಹೇಳಿದ್ದು ಅಣ್ಣ, ನಮ್ಮೂರಿಗೆ ಅಂತಲ್ಲ," ಎನ್ನುತ್ತಾರೆ. ಅಣ್ಣನ ಕಿವಿಗೆ ಅದು ಬೀಳುವುದಿಲ್ಲ. ಸರ್ ಆತನ ಕೈಗೆ ಟೀ ಲೋಟ ಕೊಟ್ಟು ಗೂಡಿನ ರೇಟು ಕೇಳುತ್ತಿರುತ್ತಾರೆ. ಇನ್ನೊಂದರಲ್ಲಿ ಅವರು ಏನೂ ಹೇಳುವುದಿಲ್ಲ. ದಿಲ್‌ಪಸಂದಿನ ತಟ್ಟೆಯನ್ನು ನಕ್ಷೆಯ ಮೇಲಿಂದ ಪಕ್ಕಕ್ಕೆ ಸರಿಸಿ, ಎಣ್ಣೆ ಹತ್ತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಅಷ್ಟೆ.

ಎರಡನೆಯದನ್ನು ನಂಬಬೇಕಾದರೆ ಇನ್ನೊಂದು ಸಂಗತಿಯ ಸಮಯ ಗೊತ್ತಿರಬೇಕು. ಸಹೋದ್ಯೋಗಿಗೂ ಸರ್‌ಗೂ ಈ ಹಸಿರಿನ ಬಗ್ಗೆಯೇ ಮಾತಿಗೆ ಮಾತು ಬೆಳೆದಿತ್ತು.

"ಸರ್, ಮಗ್ಗ ಇರೋ ಕಡೆ, ಗೂಡು ಇರೋ ಕಡೆ ಎರಡನ್ನೂ ಕಲೆಸಿಬಿಟ್ಟಿದ್ದೀವಿ. ಈ ಹಸಿರು ಸುಳ್ಳು ಸರ್."

"ಸುಳ್ಳಲ್ಲಮ್ಮ, ಸರಾಸರಿ."

"ಸರಾಸರೀಲಿ ಯಾರೂ ಹುಳ ಸಾಕಲ್ಲ ಸರ್."

"ಹಾಗಾದ್ರೆ ತಾಲ್ಲೂಕಿನ ಅಂಕಿ ತಂದ್ಕೊಡು, ಬೇರೆ ಮಾಡೋಣ. ಎಲ್ಲಿಂದ ತರ್ತೀಯ?"

ಆ ಅಂಕಿ ಎಲ್ಲೂ ಇರಲಿಲ್ಲ. ವರದಿ ಹಾಗೆಯೇ ಹೋಯಿತು. ಆದರೆ ಈ ಜಗಳ ಅಣ್ಣ ಬರುವ ಮೊದಲೇ ಆಗಿತ್ತೇ, ಬಂದು ಹೋದ ಮೇಲೋ? ಮೊದಲೇ ಆಗಿದ್ದರೆ, ಟೊಳ್ಳೆಂದು ಗೊತ್ತಿದ್ದೂ ಆ ಹಸಿರಿನ ಮೇಲೆ ಅಣ್ಣ ಬೆರಳಿಟ್ಟಾಗ ತಂಗಿ ಸುಮ್ಮನಿದ್ದರು ಎಂದಾಗುತ್ತದೆ. ಆಮೇಲಾಗಿದ್ದರೆ, ಅಣ್ಣ ಇಟ್ಟ ಬೆರಳು ನೋಡಿಯೇ ಅವರಿಗೆ ಹೊಳೆದದ್ದು ಎಂದಾಗುತ್ತದೆ. ಎಷ್ಟೋ ಸಲ ಈ ಎರಡನ್ನೂ ಹಿಂದೆ ಮುಂದೆ ಮಾಡಿ ಜೋಡಿಸಿ ನೋಡಿದ್ದೇನೆ. ಹೇಗೆ ಜೋಡಿಸಿದರೂ ಕೂಡುತ್ತವೆ. ಭಯವಾಗುವುದು ಅದಕ್ಕೇ.

ಅಣ್ಣ ಲೇಔಟಿನವರಿಗೆ ಇಲ್ಲ ಎಂದ. ಹುಳುಮನೆಗೆ ಪಾಯ ತೆಗೆದ. ಸಹೋದ್ಯೋಗಿ ಹಬ್ಬ ಮುಗಿಸಿ ಊರಿಂದ ಬಂದ ಸೋಮವಾರ ಒಬ್ಬಟ್ಟು ತಂದು ಎಲ್ಲರಿಗೂ ಕೊಟ್ಟರು. ತಾವು ಮಾತ್ರ ತಿನ್ನಲಿಲ್ಲ.

ಸುಂಕ ಇಳಿಯಿತು. ಗೂಡಿನ ಬೆಲೆ ಬಿತ್ತು. ಬಿದ್ದದ್ದಕ್ಕೆ ಸುಂಕವೊಂದೇ ಕಾರಣವೇ ಎಂದು ಕೇಳಿದರೆ ನಮ್ಮ ವೃತ್ತಿಯವರು ಇನ್ನೊಂದು ಮಾಡೆಲ್ ಓಡಿಸಬೇಕು ಎನ್ನುತ್ತಾರೆ. ಸರ್ ಅದನ್ನೇ ಅಂದರು. ಮಾಡೆಲ್ ಹೇಳಿದ್ದಕ್ಕೂ ಆದದ್ದಕ್ಕೂ ತಾಳೆ ನೋಡಲು ನನ್ನನ್ನೂ ಸಹೋದ್ಯೋಗಿಯನ್ನೂ ವಿಜಯಪುರದ ಗೂಡಿನ ಮಾರುಕಟ್ಟೆಗೆ ಕಳುಹಿಸಿದರು. ಯಲಹಂಕದಲ್ಲಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಲೇಔಟುಗಳ ಕಮಾನುಗಳು. ಕಮಾನಿನ ಹಿಂದೆ ಇನ್ನೂ ಏನೂ ಇಲ್ಲ, ಹುಲ್ಲು ಮಾತ್ರ.

ಮಾರುಕಟ್ಟೆಯಲ್ಲಿ ಗೂಡಿನ ರಾಶಿಗಳ ಹಿಂದೆ ಜನ ಕುಕ್ಕರುಗಾಲಲ್ಲಿ ಕೂತಿದ್ದರು. ಗಲಾಟೆ ಇರುತ್ತದೆಂದು ಅಂದುಕೊಂಡು ಹೋಗಿದ್ದೆ. ಇರಲಿಲ್ಲ. ರೇಟು ಕೇಳಿದರೆ, "ನೀವೇ ಯೋಳಿ ಸಾ, ಎಷ್ಟ್ ಮಾಡಿದ್ದೀರಿ ಇವತ್ತು?" ಎಂದ ಒಬ್ಬ. ನಮ್ಮನ್ನು ಯಾವುದೋ ಇಲಾಖೆಯವರೆಂದು ತಿಳಿದಿದ್ದ. ಪಕ್ಕದವನು ಒಂದು ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ಮತ್ತೆ ರಾಶಿಗೆ ಹಾಕಿದ.

"ಮನೆಗೆ ಹೋಗಿ ಬರೋಣ್ವಾ? ಇಲ್ಲಿಂದ ಹತ್ರ," ಎಂದರು ಸಹೋದ್ಯೋಗಿ. ಬರುತ್ತೇವೆಂದು ಊರಿಗೆ ತಿಳಿಸಿರಲಿಲ್ಲ.

ಹುಳುಮನೆ ನಿಜಕ್ಕೂ ಎದ್ದಿತ್ತು. ಇಟ್ಟಿಗೆ ಗೋಡೆ, ಶೀಟಿನ ಮಾಡು, ಕಿಟಕಿಗಳಿಗೆ ಹಸಿರು ಬಲೆ. ಹೊಸ್ತಿಲಿನ ಮುಂದೆ ರೋಗ ತಡೆಯುವ ಸುಣ್ಣದ ಪುಡಿ ಚೆಲ್ಲಿತ್ತು. ಅದರ ಮೇಲೆ ಯಾರಾದರೂ ಒಳಗೆ ಹೋಗಿಬಂದ ಹೆಜ್ಜೆ ಗುರುತು ಇತ್ತೇ ಇಲ್ಲವೇ ಎಂದು ನಾನು ನೋಡಲಿಲ್ಲ. ನೋಡಬೇಕೆಂದು ಹೊಳೆದದ್ದು ವರ್ಷಗಳಾದ ಮೇಲೆ.

ಅಣ್ಣ ತೋಟದ ಕಡೆಯಿಂದ ಬಂದ. ನಮ್ಮನ್ನು ಕಂಡು ನಡಿಗೆ ನಿಧಾನ ಮಾಡಿದ ಎಂದು ಬರೆಯಬೇಕೆನ್ನಿಸುತ್ತಿದೆ. ಮಾಡಿದನೋ ಇಲ್ಲವೋ. ಬಂದವನೇ ಹುಳುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಎಲ್ಲಿಂದ ಬಂದ್ರಿ?"

"ಮಾರ್ಕೆಟ್ಟಿಂದ," ಎಂದರು ತಂಗಿ.

"ಅಂಗಾದ್ರೆ ಒಳೀಕೆ ಬ್ಯಾಡ. ಉಳ ನಾಕನೇ ಜ್ವರಕ್ಕೆ ಕುಂತವೆ."

ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಗೂಡಿನ ಮಾರುಕಟ್ಟೆಯಿಂದ ಬಂದವರಂತೂ ಊರೂರಿನ ಹುಳುಗಳ ರೋಗವನ್ನು ಮೈಮೇಲೆ ಹೊತ್ತು ಬಂದ ಹಾಗೆ. ಇದನ್ನು ನನಗೆ ಬಸ್ಸಿನಲ್ಲಿ ಹೇಳಿದವರು ಸಹೋದ್ಯೋಗಿಯೇ. ಆದರೂ ಕೇಳಿದರು:

"ನಾನೂನಾ?"

"ನೀನೂನೂ. ಸೀರೆ ತುಂಬ ಮಾರ್ಕೆಟ್ಟೇ ಐತೆ."

"ಮೊದ್ಲೆಲ್ಲ ಕೈಕಾಲು ತೊಳ್ಕೊಂಡು ಬಾ ಅಂತಿದ್ದೆ."

"ಮೊದ್ಲು ನಡುಮನ್ಯಾಗೆ ಸಾಕ್ತಿದ್ದೆ. ನಡುಮನೆಗೆ ಬರ್ಬ್ಯಾಡ ಅನ್ನಕಾಯ್ತದಾ?"

ಸಹೋದ್ಯೋಗಿಯ ಅತ್ತಿಗೆ ಕಾಫಿ ತಂದರು. ಲೋಟ ಕೊಟ್ಟು, ಯಾರ ಮುಖವನ್ನೂ ನೋಡದೆ, ಹಾಲು ಸೀದಿದೆಯೇನೋ ಎಂದು ಒಳಗೆ ಹೋದರು. ತೋಟದಲ್ಲಿ ಸೊಪ್ಪು ಆಳೆತ್ತರ ಬೆಳೆದು ನಿಂತಿತ್ತು. ತೋಟದ ಕೊನೆಯಲ್ಲಿ, ಸೈಟು ಗುರುತಿಸಲು ನೆಡುವಂಥ, ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು.

"ಅದೇನಣ್ಣ ಕಲ್ಲು?"

"ಪಕ್ಕದೋರ್ದು."

"ಸೊಪ್ಪು ಕೊಯ್ದೇ ಇಲ್ಲ?"

"ಜ್ವರದಾಗೆ ತಿನ್ತವಾ ಅವು? ಎದ್ಮ್ಯಾಕೆ ಕೊಯ್ತೀನಿ. ಪ್ಯಾಟೆ ಸೇರಿ ಎಲ್ಲಾ ಮರ್ತಿದ್ದೀಯ ಕಣವ್ವ."

ತಂಗಿ ನಗಲಿಲ್ಲ. ಹುಳುಮನೆಯ ಗೋಡೆಯ ಬಳಿ ಹೋಗಿ, ಬಲೆಗೆ ಮೈ ತಾಗದ ಹಾಗೆ ನಿಂತರು. ಅಣ್ಣ ಬೇಡ ಎನ್ನಲಿಲ್ಲ. ನಾನೂ ಹತ್ತಿರ ಹೋದೆ. ಒಳಗೆ ಕತ್ತಲು. ಬ್ಲೀಚಿಂಗ್ ಪೌಡರಿನ ವಾಸನೆ. ಸದ್ದೇ ಇಲ್ಲ. ನಾವು ಎಷ್ಟು ಹೊತ್ತು ನಿಂತೆವೋ ಅಷ್ಟೂ ಹೊತ್ತು ಅಣ್ಣ ಬಾಗಿಲ ಬಳಿಯಿಂದ ಕದಲಲಿಲ್ಲ.

ವಾಪಸ್ ಬರುವಾಗ ದೇವನಹಳ್ಳಿ ದಾಟಿದ ಮೇಲೆ ಸಹೋದ್ಯೋಗಿ ಒಮ್ಮೆಲೇ ಶುರು ಮಾಡಿದರು.

"ಹುಳ ಸೊಪ್ಪು ತಿನ್ನುವಾಗ ಒಂದು ಸದ್ದು ಬರುತ್ತೆ. ಒಣಗಿದ ಎಲೆ ಮೇಲೆ ಯಾರೋ ಮರಳು ಚೆಲ್ತಾ ಇದ್ದ ಹಾಗೆ. ಮನೆ ತುಂಬ ಅದೇ. ನಾವದರಲ್ಲೇ ಮಲಗ್ತಿದ್ವಿ." ನನ್ನ ಕಡೆ ತಿರುಗಿ, "ನಿಮಗೇನಾದ್ರೂ ಕೇಳಿಸ್ತಾ?"

"ಇಲ್ಲ. ಜ್ವರದಲ್ಲಿ ತಿನ್ನಲ್ಲ ಅಂದ್ರಲ್ಲ."

"ಹೌದು. ತಿನ್ನಲ್ಲ. ತಲೆ ಎತ್ಕೊಂಡು ಸುಮ್ನೆ ಇರ್ತವೆ."

ಮುಂದೆ ಅವರೇನೂ ಕೇಳಲಿಲ್ಲ. ಅಣ್ಣನಿಗೆ ಫೋನೂ ಮಾಡಲಿಲ್ಲ ಎಂದು ಕಾಣುತ್ತದೆ. ಮಾಡಿದ್ದರೂ ಅದನ್ನು ನನಗೆ ಹೇಳಬೇಕೆಂದೇನೂ ಇರಲಿಲ್ಲ. ಮುಂದಿನ ವರ್ಷ ಅವರು ಯಶವಂತಪುರದ ಕಡೆ ಬೇರೆ ಕೆಲಸಕ್ಕೆ ಸೇರಿದರು. ನಾನು ಮತ್ತೆ ಆ ಹಳ್ಳಿಗೆ ಹೋಗಲಿಲ್ಲ. ವಿಜಯಪುರದ ರಸ್ತೆಯಲ್ಲಿ ಒಮ್ಮೆ ಹೋಗುವಾಗ ಊರಿನ ತಿರುವು ಯಾವುದೆಂದು ಗುರುತು ಸಿಗಲಿಲ್ಲ. ಕಮಾನುಗಳು ಅಷ್ಟಿದ್ದವು.

ಆ ಹುಳುಮನೆಯೊಳಗೆ ಅಂದು ಹುಳುಗಳಿದ್ದವೋ, ಹುಳು ಸಾಕುವ ಬರೀ ತಟ್ಟೆಗಳಿದ್ದವೋ, ಏನೂ ಇರಲಿಲ್ಲವೋ, ನನಗೆ ಗೊತ್ತಿಲ್ಲ.