ಮಡಿಕೇರಿಯಲ್ಲಿ ಕಿಟ್ಟ ಕರಗಿಸಿದ್ದು

ಮಡಿಕೇರಿಯಲ್ಲಿ ಬಾಡಿಗೆ ಕೋಣೆ ಕೇಳಿದರೆ ಹೆಸರಿಗಿಂತ ಮೊದಲು ಊರು ಕೇಳುತ್ತಾರೆ. ಮೈಸೂರು ಎಂದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಡಗು ಇನ್ನೂ ಬೇರೆ ರಾಜ್ಯ. ಅದನ್ನು ಮೈಸೂರಿಗೆ ಸೇರಿಸಿಬಿಡುತ್ತಾರೆಂಬ ಮಾತು ಎದ್ದಿರುವುದರಿಂದ ನಾವೆಲ್ಲ ನುಂಗಲು ಬಂದವರೆಂದೇ ಗುಮಾನಿ. ನಾನು ಬಂದದ್ದು ಪ್ರೆಸ್ಸಿನಲ್ಲಿ ಅಚ್ಚುಮೊಳೆಗಳ ಎರಕ ಹೊಯ್ಯಲು. ಈ ಊರಿನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಕೊನೆಗೂ ಕೋಣೆ ಕೊಟ್ಟ ಅಜ್ಜಿ ಬೆಳಿಗ್ಗೆ ನೂಪುಟ್ಟು ಕೊಡುತ್ತಾರೆ, ಅಂದರೆ ನಮ್ಮ ಒತ್ತು ಶಾವಿಗೆ. "ನಿಮ್ಮ ಮೈಸೂರಲ್ಲಿ ಇಂಥದ್ದು ಎಲ್ಲಿ ಉಂಟು!" ಎಂದು ಹಂಗಿಸಿಯೇ ತಟ್ಟೆ ಇಡುತ್ತಾರೆ. ನಮ್ಮಲ್ಲಾದರೆ ಹೀಗೆ ಬಡಿಸಿದವರ ಮನೆಯಿಂದ ಎದ್ದು ಬರುತ್ತೇವೆ. ಇಲ್ಲಿ ಬಾಯಿ ಮುಚ್ಚಿಕೊಂಡು ತಿನ್ನುತ್ತೇನೆ.

ಪ್ರೆಸ್ಸಿನಲ್ಲೂ ಅದೇ ಪಾಡು. ಮೊಳೆಯ ಸೀಸಕ್ಕೆ ಗಡಸು ಕೊಡುವುದು ಆಂಟಿಮನಿ ಎಂಬ ಲೋಹ. ಅದು ಹಡಗಿನಲ್ಲಿ ಬರಬೇಕು, ಬರುವುದು ನಿಂತಿತ್ತು. ಅದಿಲ್ಲದೆ ಹೊಯ್ದ ಅಕ್ಷರಗಳು ಸ್ವಲ್ಪ ಹೊತ್ತಿಗೇ ಚಪ್ಪಟೆಯಾದವು.

"ಎಂಥ ಮೊಳೆ ಮಾರಾಯ್ರೆ ಇದು? ಆಗದಿದ್ರೆ ಹೇಳಿ, ಸಂಜೆ ಬಸ್ಸುಂಟು" ಎಂದು ಪ್ರೆಸ್ಸಿನ ಯಜಮಾನರು ರೇಗಿದರು.

ಮೈಸೂರಿನಲ್ಲಿ ನಾನಿದ್ದ ಪ್ರೆಸ್ಸು ಬಾಗಿಲು ಹಾಕಿತ್ತು. ಬಸ್ಸು ಹತ್ತಿ ಹೋಗುವುದಾದರೂ ಎಲ್ಲಿಗೆ? ಹಿತ್ತಲಿನಲ್ಲಿ ಕಿಟ್ಟದ ಗುಡ್ಡೆ ಇತ್ತು. ಸೀಸ ಕರಗಿಸುವಾಗ ಮೇಲೆ ಕಟ್ಟುವ ಬೂದಿಯಂಥ ಕೆನೆಯನ್ನು ವರ್ಷಗಳಿಂದ ಕೆರೆದು ಎಸೆದದ್ದು. ಆಂಟಿಮನಿ ಅದರಲ್ಲೇ ಸೇರಿಕೊಂಡಿರುತ್ತದೆ. ಇದ್ದಲ ಪುಡಿ, ಸೋಡಾ ಬೆರೆಸಿ ಮೂಸೆಯಲ್ಲಿಟ್ಟು ತಿದಿ ಒತ್ತಿದೆ. ಬಿಳಿ ಹೊಗೆ ಕಂಡು ನೆರೆಯವರು ಬೇಲಿಯಾಚೆಯಿಂದ ಬೈದರು. ಎರಕ ಆರಿದ ಮೇಲೆ ಕಡ್ಡಿಯೊಂದನ್ನು ಬಗ್ಗಿಸಿ ನೋಡಿದೆ. ಬರೀ ಸೀಸವಾದರೆ ಬಾಗಬೇಕು. ಇದು ಲಟಕ್ಕನೆ ಮುರಿಯಿತು. ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಕುಣಿಯುವಷ್ಟು ಖುಷಿಯಾಯಿತು.

ಆ ಮೊಳೆಗಳಿಂದ ಮೊದಲು ಅಚ್ಚಾದದ್ದು ಒಂದು ಕರಪತ್ರ. ಮೈಸೂರಿನವರು ಗಂಟುಮೂಟೆ ಕಟ್ಟಬೇಕು ಎಂದು ಅದರಲ್ಲಿತ್ತು.

ಯಜಮಾನರು ನನ್ನ ಮುಖ ನೋಡಿದರು. "ಬೇಜಾರಾ?"

"ಎಷ್ಟು ಒತ್ತಿದ್ರೂ ಸವೆಯೋದಿಲ್ಲ, ಒತ್ತಿ" ಎಂದೆ. ಅಕ್ಷರಗಳು ಕೊನೆಯ ಹಾಳೆಯವರೆಗೂ ಚೂಪಾಗಿ ನಿಂತವು.

ಹಬ್ಬಕ್ಕೆ ಮೈಸೂರಿಗೆ ಹೋದಾಗ ಅಣ್ಣನ ಕೈಯಲ್ಲಿ ಅದೇ ಕರಪತ್ರ. ಯಾರೋ ತಂದುಕೊಟ್ಟಿದ್ದರಂತೆ.

"ಎಷ್ಟು ಸೊಕ್ಕು ನೋಡೋ ಇವರಿಗೆ! ಯಾರೋ ಇದನ್ನ ಅಚ್ಚು ಹಾಕಿದ್ದು?"

"ನಾವು" ಎಂದೆ.

ಊಟದ ಹೊತ್ತಿಗೆ ಅತ್ತಿಗೆ ನನ್ನ ಎಲೆಯನ್ನು ನೆಂಟರ ಸಾಲಿನಲ್ಲಿ ಹಾಕಿದರು.