ಸ್ವೆಟರು ಒಣಗದ ಬಿಸಿಲು

ಆಗ ನನಗೆ ಅರವತ್ತೆಂಟು. ಎರಡು ವರ್ಷದ ಹಿಂದಿನ ಮಾತು. ಮಗಳು ಗೌರಿಬಿದನೂರಿನ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಾಳೆ. ಮೆಡಿಟರೇನಿಯನ್ ಹವಾಗುಣ ಅಂತ ಇಪ್ಪತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಆ ಸಮುದ್ರವನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ಹಟ ಹಿಡಿದಳು. ಏಪ್ರಿಲ್‌ನಲ್ಲಿ ಬೇಸಿಗೆ ರಜಾ ಬಿದ್ದ ಕೂಡಲೇ ಟೂರಿನವರ ಜೊತೆ ಹೊರಟಳು. ನನ್ನನ್ನೂ ಎಳೆದುಕೊಂಡು ಹೋದಳು.

ನಾನು ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವಳು. ಗೂಡು ಮಾರ್ಕೆಟ್ಟಿಗೆ ಹೋದ ಮಾರನೆಯ ದಿನ ಹುಳುಮನೆಯಲ್ಲಿರುವುದನ್ನೆಲ್ಲ ತೊಳೆದು ಬಿಸಿಲಿಗೆ ಹಾಕದಿದ್ದರೆ ಮುಂದಿನ ಬೆಳೆ ಉಳಿಯುವುದಿಲ್ಲ. ಎಲ್ಲಿಗೆ ಹೋದರೂ ಅದೇ ಬುದ್ಧಿ. ಆ ಸಮುದ್ರದ ಊರು ಸೇರಿದ ಮೊದಲ ಬೆಳಿಗ್ಗೆ ಬಿಸಿಲು ಫಳಫಳ ಹೊಡೆಯುತ್ತಿತ್ತು. ಮಗಳಿನ್ನೂ ಮಲಗಿದ್ದಳು. ವಿಮಾನದಲ್ಲಿ ತೊಟ್ಟಿದ್ದ ಬಟ್ಟೆಯನ್ನೆಲ್ಲ, ಅವಳ ಒಂದೇ ಒಂದು ಸ್ವೆಟರನ್ನೂ ಸೇರಿಸಿ, ಒಗೆದು ಬಾಲ್ಕನಿಯಲ್ಲಿ ಹರವಿದೆ. ನಮ್ಮಲ್ಲಿ ಆ ತಿಂಗಳು ಸೀರೆಯ ಒಂದು ತುದಿ ಹರವುವಷ್ಟರಲ್ಲಿ ಇನ್ನೊಂದು ತುದಿ ಒಣಗಿರುತ್ತದೆ.

ಮಧ್ಯಾಹ್ನವಾದರೂ ಸ್ವೆಟರಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮೂರು ಗಂಟೆಗೆ ದೋಣಿಯಲ್ಲಿ ದ್ವೀಪಕ್ಕೆ ಹೋಗುವುದಿತ್ತು. ಅವಳು ಅಷ್ಟು ದೂರ ಬಂದದ್ದೇ ಅದಕ್ಕೆ. ಅದೂ ಅವತ್ತೊಂದೇ ದಿನ.

"ಏನಮ್ಮಾ ಮಾಡ್ಬಿಟ್ಟೆ ನೀನು! ಗಾಳಿ ನೋಡು ಹೆಂಗಿದೆ. ದೋಣೀಲಿ ನಡುಗಿ ಸಾಯ್ತೀನಿ. ನಾನು ಹೋಗಲ್ಲ."

"ಊರ ಮಕ್ಳಿಗೆಲ್ಲ ಪಾಠ ಹೇಳ್ತೀಯ, ನನಗೊಂದು ಮಾತು ಹೇಳೋಕಾಗಲಿಲ್ವೇನೇ?"

"ಕಣ್ಣು ಬಿಡೋಷ್ಟರಲ್ಲಿ ಒಗೆದು ಹಾಕಿದ್ದೆಯಲ್ಲ!"

ಚೀಲದಿಂದ ನನ್ನ ಕಂಬಳಿ ತೆಗೆದೆ. ಹೊರಡುವಾಗ ಇದ್ಯಾಕೆ ಅಂತ ನಕ್ಕಿದ್ದವಳು ಅವಳೇ.

"ಇದನ್ನ ಹೊದ್ಕೊಂಡು ಎಲ್ರ ಮುಂದೆ ಹೋಗ್ಲಾ? ರಾಗಿ ಹೊಲ ಕಾಯೋಕೆ ಹೊರಟೋಳ ಥರ ಕಾಣ್ತೀನಿ."

"ಸಮುದ್ರ ಬೇಕೋ, ಮರ್ಯಾದೆ ಬೇಕೋ, ನೋಡ್ಕೋ."

ಮುಖ ಊದಿಸಿಕೊಂಡು ಹೊದ್ದು ಹೋದಳು.

ನಾನು ದಡದಲ್ಲೇ ಉಳಿದೆ. ಆ ಹವಾ ಮೆಚ್ಚಲೇಬೇಕು. ನಮ್ಮಲ್ಲಿ ಆ ಕಾಲಕ್ಕೆ ಹುಳುಮನೆಯ ಕಿಟಕಿಗೆ ಗೋಣಿಚೀಲ ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸಿ ಸೊಂಟ ಬಿದ್ದುಹೋಗುತ್ತದೆ. ಅಷ್ಟು ಮಾಡಿದರೂ ಸಿಗದ ತಂಪು ಅಲ್ಲಿ ಬೀದಿಯಲ್ಲಿ ಸುಮ್ಮನೆ ಬಿದ್ದಿತ್ತು. ಗೋಡೆಯ ಮರೆಯಲ್ಲಿ ಕೂತರೆ ಬೆಚ್ಚಗೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮೈಯೆಲ್ಲ ಜುಂ. ಬೆವರಿಲ್ಲ, ಧೂಳಿಲ್ಲ. ಹುಳು ಸಾಕಿದ್ದರೆ ಒಂದೂ ಸಾಯುತ್ತಿರಲಿಲ್ಲ. ಅಲ್ಲಿನ ಮುದುಕಿಯರು ಕೋಟು ತೊಟ್ಟೇ ಬಿಸಿಲು ಕಾಯಿಸುತ್ತ ಕೂತಿದ್ದರು. ಬೆಳಿಗ್ಗೆ ಒಗೆಯುವ ಮೊದಲು ನಾನು ಅವರನ್ನು ನೋಡಬೇಕಿತ್ತು.

ಸಂಜೆ ದೋಣಿ ಬಂತು. ಮಗಳ ಮೂಗು ಕೆಂಪಾಗಿತ್ತು. ಕಂಬಳಿಯ ಇನ್ನೊಂದು ಅರ್ಧದೊಳಗೆ ನಮ್ಮ ಟೂರಿನಲ್ಲಿದ್ದ ಚಿಂತಾಮಣಿ ಊರಿನ ಹೆಂಗಸು ತೂರಿಕೊಂಡಿದ್ದಳು.

"ಅಕ್ಕಾ, ನಿನ್ನ ಕಂಬಳಿ ಇಲ್ದಿದ್ರೆ ನಾನು ಅಲ್ಲೇ ಸೆಟೆದು ಕಟ್ಟಿಗೆ ಆಗ್ತಿದ್ದೆ," ಅಂದಳು ಅವಳು.

"ಹೆಂಗಿತ್ತೇ?" ಅಂತ ಮಗಳನ್ನು ಕೇಳಿದೆ.

"ನೀರು ನೀಲಿ ಅಂದ್ರೆ ನೀಲಿ ಕಣಮ್ಮ. ಈ ಗಾಳಿ ವಿಚಾರ ಮಾತ್ರ ಪುಸ್ತಕದಲ್ಲಿ ಬರೆದೇ ಇಲ್ಲ," ಅಂದಳು. ಕಂಬಳಿ ಮಾತ್ರ ವಾಪಸ್ಸು ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಸ್ವೆಟರಿನ ತೋಳು ಇನ್ನೂ ಹಸಿ. ಅದನ್ನು ಮಂಡಿಯ ಮೇಲೆ ಹರವಿಕೊಂಡು, ಆ ಮುದುಕಿಯರ ಪಕ್ಕ ಬಿಸಿಲಿಗೆ ಬೆನ್ನು ಕೊಟ್ಟು ಕೂತೆ.